ಕಾವು ಆರದ ಮಂಚ

ಏಳು ಸಮುದ್ರ ದಾಟಿದರೆ ಒಂದು ಊರು ಸಿಗುತ್ತದೆ, ಅಲ್ಲಿ ಬಾವಿಗೆ ಕಾವಲಿಲ್ಲ, ಮನೆಗೆ ಹಿತ್ತಿಲ ಬಾಗಿಲಿಲ್ಲ, ಹೋದವರಿಗೆಲ್ಲ ಬೆಳ್ಳಿಯ ಮಂಚ ಎಂದು ಅಜ್ಜಿ ಹೇಳುತ್ತಿದ್ದಳು. ಏಳು ಸಮುದ್ರ ಹಾಗಿರಲಿ, ಅಜ್ಜಿ ಊರ ಮುಂದಿನ ಕೆರೆಯ ಆಚೆ ದಡವನ್ನೂ ಕಂಡವಳಲ್ಲ. ಆದರೂ ಕಡ್ಡಿ ನಂಬಿದಳು. ಬೇರೆ ನಂಬುವಂಥದ್ದು ಕೇರಿಯಲ್ಲಿ ಏನಿತ್ತು?

ಕಡ್ಡಿ ಎನ್ನುವುದು ಅವಳ ಹೆಸರಲ್ಲ. ಹುಟ್ಟಿದಾಗ ಕಡ್ಡಿಯ ಹಾಗಿದ್ದಳು, ಬೆಳೆದ ಮೇಲೂ ಹಾಗೇ ಇದ್ದಳು, ಕರೆದು ಕರೆದು ಅದೇ ಉಳಿಯಿತು. ಅಜ್ಜಿಯ ಸೆರಗು ಹೊದ್ದು ಕತೆ ಕೇಳುತ್ತ ದೊಡ್ಡವಳಾದವಳು. ಅಜ್ಜಿಯ ಕತೆಗೆ ಒಂದು ಕಟ್ಟಳೆ ಇತ್ತು. ಕೇಳುವವರು ಮಾತು ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತಿತೋ, ಕತೆಯೂ ನಿಂತಿತು. ರಾಜಕುಮಾರಿ ಕಾಡಿನ ನಡುವೆ ಇರಲಿ, ಹುಲಿಯ ಬಾಯೊಳಗೇ ಇರಲಿ, ಅಜ್ಜಿ ಅಲ್ಲೇ ಬಿಟ್ಟು ಮಗ್ಗುಲು ಬದಲಿಸುತ್ತಿದ್ದಳು. ಹೂಂ ಅನ್ನೋರಿಲ್ಲದ ಕತೆ ಗೋಡೆ ಮುಂದೆ ತೋಡಿಕೊಂಡ ಗೋಳು ಎನ್ನುವುದು ಅವಳ ಮಾತು.

ದುಡಿಯಲು ಪರದೇಶಕ್ಕೆ ಹೊರಡುವ ದಿನ ಸೋದರಮಾವ ಕಡ್ಡಿಯನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ್ದ.

"ವಿಮಾನ ಮೇಲಕ್ಕೆ ಹೋಯ್ತು ಅಂದ್ರೆ ಕೇರಿ ಕೆಳಗೇ ಉಳೀತು ಅಂತ ತಿಳ್ಕೊ. ನೀನಾಗಿ ಬಾಯಿ ಬಿಡಬೇಡ ಅಷ್ಟೆ."

ಕಡ್ಡಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಅವಳ ಕೈ. ಅದು ಆಮೇಲಿನ ಮಾತು.

ಸಮುದ್ರದಾಚೆಯ ನಗರದಲ್ಲಿ ಅವಳಿಗೆ ಮಂಚವೇನೋ ಸಿಕ್ಕಿತು. ಬೆಳ್ಳಿಯದಲ್ಲ, ಕಬ್ಬಿಣದ್ದು. ಅದೂ ಅರ್ಧ. ಉದ್ದಕ್ಕೆ ಸೀಳಿದ ಅರ್ಧವಲ್ಲ, ಹೊತ್ತಿನಲ್ಲಿ ಸೀಳಿದ ಅರ್ಧ. ರಾತ್ರಿ ಒಬ್ಬಳದು, ಹಗಲು ಇನ್ನೊಬ್ಬಳದು. ಇಡೀ ಮಂಚ ತನಗೊಬ್ಬಳಿಗೇ ಬೇಕು ಎಂದರೆ ಆ ನಗರದಲ್ಲಿ ದುಡಿದದ್ದೆಲ್ಲ ಮಂಚಕ್ಕೇ ಸುರಿದು ಹೊಟ್ಟೆಗೆ ಗಾಳಿ ಕುಡಿಯಬೇಕು. ಗಾಜಿನ ಕಟ್ಟಡಗಳ ಬೆನ್ನಿಗೆ, ಸೂರ್ಯ ಇಣುಕದ ಸಂದಿಯೊಂದರಲ್ಲಿ, ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿದ್ದ ಕಟ್ಟಡದ ತುತ್ತತುದಿಯ ಮನೆ. ಒಂದೇ ಕೋಣೆಯಲ್ಲಿ ಮೂರು ಮಂಚ, ಆರು ಹೆಂಗಸರು. ಮಂಚದಡಿ ಸೂಟ್‌ಕೇಸುಗಳು, ಸೂಟ್‌ಕೇಸುಗಳ ಮೇಲೆ ಚಪ್ಪಲಿಗಳು. ಗೋಡೆಯ ಮೊಳೆಗಳಿಗೂ ಸರದಿ.

ಮನೆ ಹಿಡಿದು ಹಾಸಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದವಳು ನಮ್ಮ ಮಾತಿನವಳೇ. ಎಲ್ಲರ ಬಾಯಲ್ಲೂ ಅಕ್ಕಾವ್ರು. ನಮ್ಮೋರು ನಮ್ಮೋರಿಗಾಗದೆ ಇನ್ಯಾರಿಗಾಗ್ತಾರೆ ಎಂದು ಬಂದ ದಿನವೇ ಕಡ್ಡಿಯ ತಲೆ ಸವರಿದ್ದಳು. ಅಲ್ಲಿ ಯಾರೂ ಹಾಗೆ ತಲೆ ಸವರಿರಲಿಲ್ಲ, ಕಡ್ಡಿಗೆ ಕಣ್ಣು ತುಂಬಿತ್ತು. ಸವರಿದ ಕೈಯಲ್ಲೇ ಅಕ್ಕಾವ್ರು ಮನೆಯ ಕಾನೂನನ್ನೂ ಹೇಳಿದಳು. ಸರದಿ ಮುಗಿದರೆ ಹಾಸಿಗೆ ಬಿಡಬೇಕು. ರಜೆ ಇದ್ದರೂ ಬಿಡಬೇಕು, ಜ್ವರ ಬಂದರೂ ಬಿಡಬೇಕು. ಒಮ್ಮೆ ಜ್ವರ ಬಂದು ಕಡ್ಡಿ ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಕೂತೇ ಕಾಯಿಲೆ ಕಳೆದಿದ್ದಳು. ಹೋಗಿಬರುವವರು ಬಸ್ಸಿಗೆ ಕಾದಿದ್ದಾಳೆ ಎಂದುಕೊಂಡರು.

ಕೆಲಸ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಲಾಂಡ್ರಿಯಲ್ಲಿ. ರಾತ್ರಿ ಪಾಳಿ. ಮೇಲಿನ ಕೋಣೆಗಳ ಬೆಡ್‌ಶೀಟುಗಳೆಲ್ಲ ಕೊಳವೆಯಲ್ಲಿ ಜಾರಿ ಅವಳ ಮುಂದೆ ಗುಡ್ಡೆ ಬೀಳುತ್ತಿದ್ದವು. ವೈನಿನ ಕಲೆ, ಬಣ್ಣದ ಕಲೆ, ರಕ್ತ, ವಾಂತಿ. ಕೈಯಲ್ಲಿ ಬಿಡಿಸಿ ನೋಡಬೇಕು, ಕಲೆಗೆ ತಕ್ಕ ಔಷಧಿ ಉಜ್ಜಬೇಕು. ಕೈಗವಸು ಹರಿದರೆ ಹೊಸದು ಬರುವವರೆಗೆ ಹರಿದದ್ದೇ. ಆಮೇಲೆ ಇಸ್ತ್ರಿ ಮಾಡುವ ಬಿಸಿ ರೋಲರಿನ ಮುಂದೆ ನಿಂತು ಒದ್ದೆ ಶೀಟಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ತುರುಕಬೇಕು. ರೋಲರು ನಿಲ್ಲುವುದಿಲ್ಲ, ನೀನೂ ನಿಲ್ಲುವ ಹಾಗಿಲ್ಲ. ಬೆರಳ ತುದಿಗಳು ಸುಲಿದು ಸುಲಿದು ನುಣ್ಣಗಾಗಿ, ಹೋಟೆಲಿನ ಬಾಗಿಲಲ್ಲಿ ಬೆರಳೊತ್ತಿದರೆ ಮಷಿನು ಅವಳನ್ನು ಗುರುತೇ ಹಿಡಿಯುತ್ತಿರಲಿಲ್ಲ. ಕಾವಲಿನವನು ಬಂದು, ಇವಳು ಇವಳೇ ಎಂದು ಸಾಕ್ಷಿ ಹೇಳಬೇಕು.

ಸಣ್ಣ ಹರಕು ಬಿದ್ದ ಶೀಟುಗಳನ್ನು ಹೋಟೆಲು ಎಸೆಯುತ್ತಿತ್ತು. ಲಾಂಡ್ರಿಯ ಮೇಸ್ತ್ರಿ ಒಯ್ಯಿ ಎಂದದ್ದನ್ನು ಕಡ್ಡಿ ಮನೆಗೆ ತರುತ್ತಿದ್ದಳು. ಮೂರು ಮಂಚಕ್ಕೂ ಅವಳು ತಂದ ಶೀಟೇ. ಅಕ್ಕಾವ್ರ ಕೋಣೆಯ ಡಬಲ್ ಮಂಚಕ್ಕೂ ಅದೇ. ರಾಜರ ಹಾಸಿಗೆ ಕಣ್ರೇ ಎಂದು ಅಕ್ಕಾವ್ರು ಅದರ ಮೇಲೆ ಕೈಯಾಡಿಸಿ ಹಿಗ್ಗುತ್ತಿದ್ದಳು.

ಮಂಚದ ಇನ್ನೊಂದು ಅರ್ಧ ಆಯಕ್ಕನದು. ಯಾರದೋ ದೊಡ್ಡ ಮನೆಯಲ್ಲಿ ಮಗು ನೋಡಿಕೊಳ್ಳುವ ಆಯಾ. ಬೆಳಿಗ್ಗೆ ಅವಳು ಇಳಿಯುವ ಹೊತ್ತಿಗೆ ಕಡ್ಡಿ ಹತ್ತುತ್ತಿದ್ದಳು. ಸಂಜೆ ಕಡ್ಡಿ ಇಳಿಯುವ ಹೊತ್ತಿಗೆ ಅವಳು ಹತ್ತುತ್ತಿದ್ದಳು. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರು ಎದುರಾಗುವುದು ಮೆಟ್ಟಿಲ ಮೇಲೆ ಮಾತ್ರ. ಅಡುಗೆಮನೆಯ ಕಿಟಕಿಗೆ ಹೊಲಿಗೆ ಮಷಿನು ಇಟ್ಟುಕೊಂಡಿದ್ದ ಟೈಲರಮ್ಮ ಅದಕ್ಕೇ ನಗುತ್ತಿದ್ದಳು. "ಆ ಮಂಚ ನಿಮ್ಮಿಬ್ಬರಿಗೂ ಗಂಡ ಇದ್ದ ಹಾಗೆ ಕಣ್ರೇ. ಒಬ್ಬಳು ಎದ್ದಳು ಅಂದ್ರೆ ಇನ್ನೊಬ್ಬಳು ಬಂದಳು. ಪಾಪ, ಅದಕ್ಕೂ ರೆಸ್ಟಿಲ್ಲ."

ಆಯಕ್ಕ ಇಳಿಯುತ್ತ ದಿನವೂ ಒಂದೇ ಮಾತು ಹೇಳುತ್ತಿದ್ದಳು. "ಕಾವಿದೆ, ಹೋಗಿ ಮಲಕ್ಕೊ."

ನಿಜಕ್ಕೂ ಇರುತ್ತಿತ್ತು. ಆಯಕ್ಕನ ಮೈಯ ಕಾವು, ದಿಂಬಿನಲ್ಲಿ ಅವಳ ಎಣ್ಣೆಯ ವಾಸನೆ, ಒಂದೆರಡು ನರೆಗೂದಲು. ಕಡ್ಡಿ ಆ ಗುಳಿಯಲ್ಲಿ ಮುದುಡಿಕೊಂಡರೆ ಅಜ್ಜಿಯ ಮಗ್ಗುಲು ಸಿಕ್ಕಿದ ಹಾಗಾಗುತ್ತಿತ್ತು. ಪರದೇಶದಲ್ಲಿ ಅವಳಿಗೆ ಪುಕ್ಕಟೆ ಸಿಕ್ಕ ಒಂದೇ ಒಂದು ವಸ್ತು ಅದು.

ಅದಕ್ಕೆ ಬದಲಾಗಿ ಕಡ್ಡಿ ಕತೆ ಕೊಡುತ್ತಿದ್ದಳು. ಮೆಟ್ಟಿಲ ಮೇಲೆ ಎದುರಾದಾಗ ಅಜ್ಜಿಯ ಕತೆಯ ಒಂದು ತುಣುಕು. ಹೇಳುತ್ತಾ ಇವಳು ಮೇಲೆ ಹತ್ತುವಳು, ಹೂಂಗುಟ್ಟುತ್ತಾ ಅವಳು ಕೆಳಗೆ ಇಳಿಯುವಳು. ದನಿ ಏರಿಸಿ ಹೇಳಿದರೆ ಎರಡು ಅಂತಸ್ತು ಕೆಳಗಿನಿಂದಲೂ "ಹೂಂ" ಬರುತ್ತಿತ್ತು. ಏಳು ಮಲ್ಲಿಗೆ ತೂಕದ ರಾಜಕುಮಾರಿ ಹೀಗೆ ಆ ಮೆಟ್ಟಿಲುಗಳ ಮೇಲೆ ತಿಂಗಳುಗಟ್ಟಲೆ ನಡೆದಳು.

ಆಯಕ್ಕನೂ ತನ್ನದು ಹೇಳಿಕೊಳ್ಳುತ್ತಿದ್ದಳು. ಒಂದು ಸಂಜೆ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಆ ಮನೆಯ ಮಗು ಇವಳ ಕೈಯಲ್ಲೇ ಉಣ್ಣುತ್ತದೆ, ಇವಳ ಎದೆಯ ಮೇಲೇ ಮಲಗುತ್ತದೆ. ಆದರೆ ಇವಳ ತಟ್ಟೆ ಸಿಂಕಿನ ಕೆಳಗೆ, ಕಸದ ಡಬ್ಬಿಯ ಪಕ್ಕದಲ್ಲಿ. "ನಾಯಿ ಬಟ್ಟಲು ಅವರ ತಟ್ಟೆ ಜೊತೆ ಮಷಿನಲ್ಲಿ ತೊಳೀತಾರೆ ಕಣೇ. ನಂದು ಮಾತ್ರ ಬೇರೆ. ನಾನು ನಾಯಿಗಿಂತ ಕಡೆಯಾ?" ಎಂದು ಅತ್ತಳು. ಕಡ್ಡಿ ಅವಳ ಬೆನ್ನು ಸವರಿದಳು. ಆ ನೋವಿಗೆ ಹೊಸದಾಗಿ ಹೇಳಬೇಕಾದ್ದೇನೂ ಅವಳಿಗೆ ಗೊತ್ತಿರಲಿಲ್ಲ. ಹಳೆಯದೆಲ್ಲ ಗೊತ್ತಿತ್ತು.

ಹೀಗಿರುವಾಗ ಒಂದು ರಾತ್ರಿ ಲಾಂಡ್ರಿಯ ಹಬೆ ಎಳೆಯುವ ಫ್ಯಾನು ಕೆಟ್ಟಿತು. ಆವಿ ಹೊರಹೋಗದೆ ಒಳಗೇ ನಿಂತಿತು. ಬೆಳಗಾಗುವಷ್ಟರಲ್ಲಿ ಕಡ್ಡಿಯ ನಾಲಿಗೆ ಒಣಗಿ ಹಲಗೆಯಾಗಿತ್ತು. ಮೆಟ್ಟಿಲು ಹತ್ತಿ, ಕಣ್ಣು ಮಂಜಾಗಿ, ನೆಟ್ಟಗೆ ಅಡುಗೆಮನೆಗೆ ಬಂದಳು. ಲೋಟಗಳೆಲ್ಲ ತೊಳೆಯದೆ ಸಿಂಕಿನಲ್ಲಿ ಬಿದ್ದಿದ್ದವು. ಅಕ್ಕಾವ್ರು ಜಗ್ಗಿನಿಂದ ಬಾಟಲಿಗೆ ನೀರು ಬಗ್ಗಿಸುತ್ತಿದ್ದಳು.

ಅಕ್ಕಾ, ನೀರು ಎಂದಳು ಕಡ್ಡಿ.

ಅಕ್ಕಾವ್ರು ಜಗ್ಗು ಹಿಡಿದೇ ತಿರುಗಿದಳು. ಅಷ್ಟೆ. ಕಡ್ಡಿಯ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದು ಹೊಸ್ತಿಲ ಆಚೆ ನಿಂತಿತು. ಸೊಂಟ ಬಾಗಿತು. ಎರಡೂ ಕೈ ಕೂಡಿ ಬೊಗಸೆಯಾಗಿ ಬಾಯಿಗೆ ಬಂತು. ತಲೆ ತಗ್ಗಿತು. ಅವಳು ಯೋಚಿಸಿ ಮಾಡಿದ್ದಲ್ಲ. ಬಾಯಾರಿದ ಮೈ ತನಗೆ ಗೊತ್ತಿದ್ದ ಹಾಗೆ ನೀರು ಕೇಳಿತು.

ಅಕ್ಕಾವ್ರ ಕೈಗೂ ಗೊತ್ತಿತ್ತು. ಅದೂ ತಾನಾಗಿ ಮೇಲಕ್ಕೆ ಹೋಯಿತು. ಒಂದು ಹನಿಯೂ ಸಿಡಿದು ತನ್ನ ಮೇಲೆ ಬೀಳದ ಹಾಗೆ, ಧಾರೆ ಎಲ್ಲೂ ಕಡಿಯದ ಹಾಗೆ, ಎತ್ತರದಿಂದ ಸುರಿಯಿತು. ಚಿಕ್ಕಂದಿನಲ್ಲಿ ಹಿತ್ತಿಲಲ್ಲಿ ನಿಂತು ಕಲಿತ ಕೈ. ಕಡ್ಡಿ ಗಟಗಟ ಕುಡಿದಳು. ಕುಡಿದು ತಲೆ ಎತ್ತಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಟೈಲರಮ್ಮನ ಮಷಿನು ನಿಂತಿತ್ತು.

"ನಿಮ್ಮ ಮನೆ ಊರೊಳಗಾ, ಊರು ದಾಟಿದ ಮೇಲಾ?" ಅಕ್ಕಾವ್ರು ಮೆಲ್ಲಗೆ ಕೇಳಿದಳು.

ಕಡ್ಡಿ ಸುಳ್ಳು ಹೇಳಬಹುದಿತ್ತು. ಒದ್ದೆ ಕೈ ಇನ್ನೂ ಬಾಯ ಹತ್ತಿರವೇ ಇತ್ತು. "ದಾಟಿದ ಮೇಲೆ" ಎಂದಳು.

"ಹೂಂ" ಎಂದಳು ಅಕ್ಕಾವ್ರು. ಎಂಥೆಂಥ ಹೂಂ ಕೇಳಿ ಬೆಳೆದವಳು ಕಡ್ಡಿ, ಕತೆಯನ್ನು ಅಲ್ಲಿಗೇ ಮುಗಿಸುವ ಹೂಂ ಕೇಳಿದ್ದು ಅದೇ ಮೊದಲು.

ಅವತ್ತು ಯಾರೂ ಏನೂ ಅನ್ನಲಿಲ್ಲ. ಕಡ್ಡಿ ಮಲಗಿದಳು, ಸಂಜೆ ಎದ್ದು ಕೆಲಸಕ್ಕೆ ಹೋದಳು. ಮೆಟ್ಟಿಲ ಮೇಲೆ ಆಯಕ್ಕ ಎಂದಿನ ಹಾಗೇ ಸಿಕ್ಕಿ, ರಾಜಕುಮಾರಿ ಎಲ್ಲಿದ್ದಾಳೆ ಎಂದು ಕೇಳಿದಳು. ಅವಳಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಬಾವಿಕಟ್ಟೆಗೆ ಬಂದಿದ್ದಾಳೆ, ನಾಳೆ ಹೇಳ್ತೀನಿ ಎಂದು ಕಡ್ಡಿ ಬೇಗ ಬೇಗ ಇಳಿದಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಆಯಕ್ಕ ಗೋಡೆಯ ಕಡೆ ಮುಖ ಮಾಡಿ ಇಳಿದಳು. ಸೀರೆಯ ಸೆರಗನ್ನು ಮುದುರಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು, ತಾಗದ ಹಾಗೆ. ಕಡ್ಡಿ, ಒಂದೂರಲ್ಲಿ ಒಂದು ಬಾವಿ ಇತ್ತು ಎಂದು ಶುರುಮಾಡಿದಳು. ಹೂಂ ಬರಲಿಲ್ಲ. ಕಡ್ಡಿ ಕಟಕಟೆಯ ಮೇಲೆ ಬಾಗಿ ನೋಡಿದಳು. ಕೆಳಗೆ, ಇನ್ನೂ ಕೆಳಗೆ, ಚಪ್ಪಲಿಯ ಸದ್ದು ಮಾತ್ರ. ಕಾವಿದೆ ಮಲಕ್ಕೊ ಎನ್ನುವ ಮಾತೂ ಇಲ್ಲ.

ಕೋಣೆಗೆ ಬಂದರೆ ಕಾವೂ ಇಲ್ಲ. ಹಾಸಿಗೆಯನ್ನು ಎತ್ತಿ ಕಿಟಕಿಗೆ ಒರಗಿಸಿದ್ದರು. ಕಿಟಕಿ ಹಾರು ಹೊಡೆದಿತ್ತು. ಫಿನಾಯಿಲಿನ ವಾಸನೆ. ಮಂಚದ ಕಬ್ಬಿಣದ ಪಟ್ಟಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಅವಳ ಚೀಲ ಕೋಣೆಯಲ್ಲಿರಲಿಲ್ಲ. ಬಟ್ಟೆ ಒಗೆಯುವ ಮಷಿನು ಇಟ್ಟಿದ್ದ ಬಾಲ್ಕನಿಯ ಮೂಲೆಯಲ್ಲಿ, ಪೊರಕೆಯ ಪಕ್ಕದಲ್ಲಿ ಇತ್ತು.

ಉಳಿದೆರಡು ಮಂಚಗಳ ಮೇಲೆ ಅವಳು ಒಗೆದು, ರೋಲರಿಗೆ ಕೊಟ್ಟು, ಮಡಚಿ, ಹೊತ್ತು ತಂದ ಶೀಟುಗಳು ಹಾಗೇ ಇದ್ದವು. ಅವಕ್ಕೆ ಮೈಲಿಗೆ ತಾಗಿರಲಿಲ್ಲ.

ಅಕ್ಕಾವ್ರು ಅಡುಗೆಮನೆಯಲ್ಲಿ ಕಾದಿದ್ದಳು. ಮೇಜಿನ ಮೇಲೆ ಕಾಗದದ ಲೋಟಗಳ ಹೊಸ ಕಟ್ಟು. ಪಕ್ಕದಲ್ಲಿ ಸ್ಟೀಲಿನ ಜಗ್ಗು. ಮಾತನ್ನು ಬೆಣ್ಣೆಯಲ್ಲಿ ಅದ್ದಿ ತೆಗೆದಳು. ತಾನೇನೂ ಹಳೇ ಕಾಲದವಳಲ್ಲ. ತನಗೆ ಇದೆಲ್ಲ ಏನೂ ಇಲ್ಲ. ಆದರೆ ನಾಲ್ಕು ಜನ ಇರುವ ಮನೆ, ನಾಲ್ಕು ಜನರ ಮನಸ್ಸು ನೋಡಬೇಕು. ಬಾಲ್ಕನಿ ಕಡ್ಡಿಗೊಬ್ಬಳಿಗೇ, ಯಾರ ಜೊತೆಗೂ ಸರದಿ ಬೇಡ, ರಾಣಿಯ ಹಾಗಿರಬಹುದು. ಮಷಿನು ಓಡಿದರೆ ಬೆಚ್ಚಗೂ ಇರುತ್ತದೆ. ಬಾಡಿಗೆ ಮಾತ್ರ ಮೊದಲಿನದೇ. ಇನ್ನು ಕಾಗದದ ಲೋಟ ಎಲ್ಲರ ಆರೋಗ್ಯಕ್ಕಾಗಿ, ಕುಡಿದು ಎಸೆದರಾಯಿತು, ತೊಳೆಯುವ ಕೆಲಸವೂ ಇಲ್ಲ.

"ಎಲ್ಲರಿಗೂ ಕಾಗದದ ಲೋಟವಾ?" ಎಂದು ಕಡ್ಡಿ ಕೇಳಿದಳು.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಎಷ್ಟು ಹೊತ್ತಾದರೂ ದಾರ ಒಳಗೆ ಹೋಗಲಿಲ್ಲ.

"ಸುಮ್ನೆ ರಗಳೆ ಮಾಡಬೇಡ" ಎಂದಳು ಅಕ್ಕಾವ್ರು. ಬೆಣ್ಣೆ ಕರಗಿತ್ತು. "ಬೇರೆಯವರಾಗಿದ್ರೆ ಚೀಲ ಬಾಗಿಲ ಹೊರಗಿರ್ತಿತ್ತು. ಸುಳ್ಳು ಹೇಳ್ಕೊಂಡು ನಮ್ಮ ನಡುವೆ ಮಲಗಿದ್ದೀಯ."

"ನೀವು ಕೇಳಲಿಲ್ಲ. ನಾನು ಹೇಳಲಿಲ್ಲ. ಇದರಲ್ಲಿ ಸುಳ್ಳು ಎಲ್ಲಿ ಬಂತು?"

"ಸಮುದ್ರ ದಾಟಿದ ತಕ್ಷಣ ಕೋಡು ಮೂಡ್ತಾ ನಿಮಗೆ?"

ಕಡ್ಡಿ ಮೇಜಿನ ಕಡೆ ಕೈ ಚಾಚಿದಳು. ರಾತ್ರಿಯಿಡೀ ಒದ್ದೆ ಶೀಟು ಎತ್ತಿದ ಕೈ. ಅವಳು ಕಾಗದದ ಲೋಟದ ಕಟ್ಟನ್ನು ಮುಟ್ಟಲಿಲ್ಲ. ಜಗ್ಗಿನ ಹಿಡಿ ಹಿಡಿದು ಎತ್ತಿದಳು. ಎತ್ತಿ ಮೇಲಿಂದ ಬಾಯಿಗೆ ಸುರಿದುಕೊಳ್ಳಲಿಲ್ಲ. ಅಂಚಿಗೆ ತುಟಿ ಹಚ್ಚಿದಳು. ತಣ್ಣಗಿನ ಸ್ಟೀಲು ಹಲ್ಲಿಗೆ ತಾಗಿ ಟಕ್ಕೆಂದಿತು. ಬಾಯಿ ತುಂಬ ಕಚ್ಚಿ ಕುಡಿದಳು. ಗಲ್ಲದಿಂದ ನೀರು ಇಳಿದು ಎದೆ ನೆನೆಯಿತು. ಜಗ್ಗನ್ನು ಮೇಜಿನ ನಟ್ಟ ನಡುವೆ ಇಟ್ಟಳು.

"ನಿನ್ನೆ ಬೊಗಸೇಲಿ ಕುಡಿದೆ, ನಿಮಗೆ ಗೊತ್ತಾಯ್ತು. ಇವತ್ತು ಬಾಯಿ ಹಚ್ಚಿ ಕುಡಿದೆ. ಇದೂ ಗೊತ್ತಿರಲಿ."

ಕೋಣೆಗೆ ಹೋದಳು. ಕಿಟಕಿಯಿಂದ ಹಾಸಿಗೆಯನ್ನು ಎಳೆದಳು. ತನಗಿಂತ ಎತ್ತರದ ಹಾಸಿಗೆ, ಅವಳ ಮೇಲೇ ವಾಲಿತು. ಬೆನ್ನು ಕೊಟ್ಟು ನೂಕಿ ಮಂಚದ ಮೇಲೆ ಕೆಡವಿದಳು. ಚೀಲ ತಂದು ಕಾಲಡಿ ಇಟ್ಟಳು. ಮಲಗಿದಳು. ಬಾಗಿಲಲ್ಲಿ ಅಕ್ಕಾವ್ರ ದನಿ ಏರಿತು, ಇಳಿಯಿತು, ಪೊಲೀಸು ಅಂದಿತು, ಮತ್ತೆ ತಾನೇ ಸುಮ್ಮನಾಯಿತು. ಕದ್ದುಮುಚ್ಚಿ ಆರು ಜನಕ್ಕೆ ಬಾಡಿಗೆಗೆ ಕೊಟ್ಟ ಕೋಣೆಗೆ ಪೊಲೀಸರನ್ನು ಕರೆಸುವ ಧೈರ್ಯ ಅಕ್ಕಾವ್ರಿಗೂ ಇರಲಿಲ್ಲ. ಹಾಸಿಗೆ ತಣ್ಣಗಿತ್ತು. ಕಡ್ಡಿಗೆ ನಿದ್ದೆ ಬರಲಿಲ್ಲ. ತನ್ನ ಕಾವಿನಿಂದ ತಾನೇ ಅದನ್ನು ಬೆಚ್ಚಗೆ ಮಾಡುತ್ತ ಬಿದ್ದುಕೊಂಡಳು.

ಸಂಜೆಯಾಯಿತು. ಏಳುವ ಹೊತ್ತು. ಎದ್ದು ಕೆಲಸಕ್ಕೆ ಹೋದರೆ ಬೆಳಿಗ್ಗೆ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ ಬಿದ್ದಿರುತ್ತದೆ. ಹೋಗದಿದ್ದರೆ ರೋಲರಿನ ಮುಂದೆ ನಾಳೆಯೇ ಇನ್ನೊಬ್ಬಳು ನಿಂತಿರುತ್ತಾಳೆ, ಆ ಊರಿನಲ್ಲಿ ಕೈಗಳಿಗೇನು ಬರವೇ? ಅತ್ತ ದರಿ, ಇತ್ತ ಪುಲಿ. ಅಜ್ಜಿಯಾಗಿದ್ದರೆ ಇಂಥ ಕಡೆ ಒಂದು ಹದ್ದನ್ನೋ ದೇವತೆಯನ್ನೋ ಇಳಿಸುತ್ತಿದ್ದಳು. ಬಾಲ್ಕನಿಯ ಆಚೆ ಪಾರಿವಾಳವೂ ಇರಲಿಲ್ಲ. ಕಡ್ಡಿ ಏಳಲಿಲ್ಲ.

ಹೊರಬಾಗಿಲು ತೆರೆಯಿತು. ಆಯಕ್ಕ. ಅಕ್ಕಾವ್ರು ಬಾಗಿಲಲ್ಲೇ ಹಿಡಿದು ಎಲ್ಲವನ್ನೂ ಹೇಳಿದಳು, ಕೋಣೆಗೂ ಕೇಳುವ ಹಾಗೆ. ಆಮೇಲೆ ಅಡುಗೆಮನೆಯಲ್ಲಿ ನೀರು ಚೆಲ್ಲುವ ಸದ್ದು. ಸ್ಟೀಲಿನ ಜಗ್ಗನ್ನು ಉಜ್ಜುವ ಸದ್ದು. ಉಜ್ಜಿ ತೊಳೆದು ಮತ್ತೆ ಉಜ್ಜುವ ಸದ್ದು. ಮಗುವಿನ ಪಾತ್ರೆ ಉಜ್ಜಿ ಉಜ್ಜಿ ಕೈ ಪಳಗಿದವಳು, ಆಯಕ್ಕನೇ. ಕಡ್ಡಿ ಕಣ್ಣು ಮುಚ್ಚಿಕೊಂಡು ಆ ಸದ್ದನ್ನೆಲ್ಲ ಕೇಳಿದಳು. ಬೆಳಿಗ್ಗೆ ಅಕ್ಕಾವ್ರು ಆಡಿದ್ದಕ್ಕಿಂತ ಅದು ಆಳಕ್ಕೆ ಹೋಯಿತು.

ಆಯಕ್ಕ ಬಂದು ಮಂಚದ ಬಳಿ ನಿಂತಳು. ದಿನವಿಡೀ ಯಾರದೋ ಮಗುವನ್ನು ಹೊತ್ತು ಸೊಂಟ ಒಂದು ಕಡೆ ವಾಲಿತ್ತು. ಹೆಗಲ ಮೇಲೆ ಆ ಮಗು ಕಕ್ಕಿದ ಹಾಲಿನ ಕಲೆ.

"ಏಳು. ನನ್ನ ಸರದಿ."

"ಏಳಲ್ಲ."

"ಮತ್ತೆ ನಾನೆಲ್ಲಿ ಮಲಗ್ಲಿ?"

ಕಡ್ಡಿ ಗೋಡೆಯ ಕಡೆಗೆ ಸರಿದಳು. ಬೆನ್ನು ಗೋಡೆಗೆ ತಾಗಿತು. ಮುಂದೆ ಅರ್ಧ ಹಾಸಿಗೆ ಖಾಲಿ ಬಿತ್ತು. ಅದರ ಮೇಲೆ ಅಂಗೈ ಬಡಿದು ತೋರಿಸಿದಳು.

"ಇಲ್ಲಿ. ನಾವು ಸರೀತಾನೇ ಬಂದೋರು ಆಯಕ್ಕ. ಬಾವಿಯಿಂದ ಸರಿ ಅಂದ್ರು, ಸರಿದ್ವಿ. ದಾರಿಯಿಂದ ಸರಿ ಅಂದ್ರು, ಸರಿದ್ವಿ. ನಾನು ಸಮುದ್ರ ದಾಟೋವರೆಗೂ ಸರಿದೆ. ಈಗ ಗೋಡೆ ಬಂತು. ಇನ್ನು ಸರಿಯೋಕೆ ಜಾಗ ಇಲ್ಲ."

ಆಯಕ್ಕ ಹೆಗಲ ಮೇಲಿನ ಹಾಲಿನ ಕಲೆ ಉಜ್ಜಿಕೊಂಡಳು.

"ಆ ಮನೇಲಿ ನಿನ್ನ ತಟ್ಟೆ ಎಲ್ಲಿಡ್ತಾರೆ ಅಂತ ಇವರಿಗೆಲ್ಲ ಒಂದು ಸಲ ಹೇಳು. ನನಗೆ ಮಾತ್ರ ಯಾಕೆ ಹೇಳಿದೆ? ಬೆನ್ನು ಸವರೋಕೆ ನನ್ನ ಕೈ ಆಗ್ತಿತ್ತಾ?"

ಆಯಕ್ಕನ ಮುಖ ಕೆಂಪಾಯಿತು. ಬಾಗಿಲಲ್ಲಿ ಅಕ್ಕಾವ್ರು, ಅವಳ ಹಿಂದೆ ಟೈಲರಮ್ಮ, ಇಬ್ಬರೂ ಆಯಕ್ಕನನ್ನೇ ನೋಡುತ್ತಿದ್ದರು. ಅವಳು ಅವರ ಕಡೆ ನೋಡಿದಳು, ಹಾಸಿಗೆಯ ಕಡೆ ನೋಡಿದಳು, ಗೋಡೆಯ ಮೊಳೆಯ ಕಡೆ ನೋಡಿದಳು. ನಿಂತು ನಿಂತು ಕಾಲು ಸೋತು ಮಂಚದ ತುದಿಯಲ್ಲಿ ಕುಸಿದಳು. ಪ್ರೀತಿಯಿಂದ ಕೂತದ್ದಲ್ಲ, ನ್ಯಾಯ ತಿಳಿದು ಕೂತದ್ದೂ ಅಲ್ಲ. ಮೊಣಕಾಲು ಮಡಚಿಕೊಂಡಿತು, ಕೂತಳು. ಕೂತೂ ಸೆರಗನ್ನು ಎಳೆದು ಮಡಿಲಲ್ಲಿ ಗಂಟು ಹಾಕಿಕೊಂಡಳು, ಕಡ್ಡಿಗೆ ತಾಗದ ಹಾಗೆ. ಮುಖ ಬಾಗಿಲ ಕಡೆಗೇ ಇತ್ತು.

ಚೀಲದೊಳಗೆ ಕಡ್ಡಿಯ ಫೋನು ಬಡಿದುಕೊಂಡಿತು. ಲಾಂಡ್ರಿಯದೇ ಇರಬೇಕು. ಬಡಿದುಕೊಂಡು ಬಡಿದುಕೊಂಡು ನಿಂತಿತು.

"ಒಂದೂರಲ್ಲಿ ಒಂದು ಬಾವಿ ಇತ್ತು" ಎಂದಳು ಕಡ್ಡಿ.

ಕಾದಳು. ಆಯಕ್ಕನ ಬೆನ್ನು ಅಲುಗಲಿಲ್ಲ. ಹೂಂ ಬರಲಿಲ್ಲ. ಬಾಗಿಲಲ್ಲಿ ನಿಂತವರಿಂದಲೂ ಬರಲಿಲ್ಲ. ಹೂಂ ನಿಂತರೆ ಕತೆ ನಿಲ್ಲಬೇಕು, ಅಜ್ಜಿಯ ಕಟ್ಟಳೆ. ಅಜ್ಜಿ ಪಾಪ, ಹೂಂ ಸಿಗದ ಕಡೆಯೆಲ್ಲ ಕತೆ ನಿಲ್ಲಿಸಿಯೇ ಮುದುಕಿಯಾದವಳು.

ಕಡ್ಡಿ ಗೋಡೆಗೆ ಒರಗಿ ಎದ್ದು ಕೂತಳು. ದನಿ ಏರಿಸಿದಳು, ಮೆಟ್ಟಿಲ ಮೇಲಿಂದ ಎರಡು ಅಂತಸ್ತು ಕೆಳಗೆ ಕೇಳಿಸಲು ಏರಿಸುತ್ತಿದ್ದ ಹಾಗೆ.

"ಆ ಬಾವೀಲಿ ಎಲ್ಲರಿಗೂ ಸಾಕಾಗೋವಷ್ಟು ನೀರಿತ್ತು."